ದೇಹದಲ್ಲಿನ ಗಂಧಕವೂ ಅರ್ಬುದರೋಗವೂ

ಗಂಧಕವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಹಳದಿಯ ಪುಡಿ, ಪಟಾಕಿಯ ಮದ್ದು, ಮೂಗನ್ನು ಕೆರಳಿಸುವ ಹೊಗೆ. ನಮ್ಮ ಸೊಲ್ಲಾಪುರ ಸೀಮೆಯ ದ್ರಾಕ್ಷಿ ತೋಟದವರು ಅದನ್ನು ಬೂದಿರೋಗಕ್ಕೆ ಔಷಧವಾಗಿ ಬಲ್ಲರು. ಆದರೆ ಈ ಮೂಲವಸ್ತುವು ನಮ್ಮ ಪ್ರತಿಯೊಬ್ಬರ ಶರೀರದೊಳಗೂ ನೆಲಸಿದೆಯೆಂಬುದು, ಅದಿಲ್ಲದೆ ಒಂದು ಕೂದಲೂ ಬೆಳೆಯಲಾರದೆಂಬುದು ಅನೇಕ ವಾಚಕರಿಗೆ ಹೊಸ ಸಂಗತಿಯಾಗಿ ತೋರಬಹುದು. ಎಪ್ಪತ್ತು ಕಿಲೊ ತೂಕದ ಮನುಷ್ಯನ ಮೈಯಲ್ಲಿ ಸುಮಾರು 140 ಗ್ರಾಂ ಗಂಧಕವಿರುತ್ತದೆ. ಕೂದಲು ಸುಟ್ಟಾಗ ಏಳುವ ಕಮಟು, ಕೊಳೆತ ಮೊಟ್ಟೆಯ ದುರ್ವಾಸನೆ, ಇವೆರಡೂ ಜೀವಿಗಳ ಒಡಲಲ್ಲಿ ಅಡಗಿರುವ ಗಂಧಕದ ಗುರುತುಗಳೇ.

ಈ ಗಂಧಕಕ್ಕೂ, ಕ್ಯಾನ್ಸರ್ ಎಂದು ಜನ ಭಯದಿಂದ ಹೆಸರಿಸುವ ಅರ್ಬುದರೋಗಕ್ಕೂ ಸಂಬಂಧವುಂಟೆಂದರೆ ಆಶ್ಚರ್ಯವಾಗದಿರದು. ಒಂದು ಶತಮಾನದಿಂದ ಜೀವರಸಾಯನ ಶಾಸ್ತ್ರಜ್ಞರು ಆ ಸಂಬಂಧವನ್ನು ಎಳೆಎಳೆಯಾಗಿ ಬಿಡಿಸುತ್ತ ಬಂದಿದ್ದಾರೆ. ಅವರಲ್ಲಿ ಹೆಲೆನ್ ಡಯರ್ ಎಂಬ ಅಮೆರಿಕದ ವಿದುಷಿ ಒಬ್ಬರು. ಆಕೆಯ ಕೆಲಸವನ್ನು ಆಧಾರವಾಗಿಟ್ಟುಕೊಂಡು ಈ ವಿಷಯವನ್ನು ನಮ್ಮ ಮೇಲಿನ ತರಗತಿಗಳ ವಿದ್ಯಾರ್ಥಿಗಳಿಗೂ ಅವರ ಪಾಲಕರಿಗೂ ತಿಳಿಯುವಂತೆ ಹೇಳಲು ಇಲ್ಲಿ ಯತ್ನಿಸುತ್ತೇವೆ. ಹೀಗೆ ಯತ್ನಿಸುವುದಕ್ಕೆ ಕಾರಣವೂ ಉಂಟು. ಮನೆಯೊಂದರಲ್ಲಿ ಈ ರೋಗ ಕಾಣಿಸಿಕೊಂಡಿತೆಂದರೆ, ಇಂಥದನ್ನು ತಿನ್ನಬೇಡಿ, ಇಂಥದನ್ನೇ ತಿನ್ನಿ, ಆಸ್ಪತ್ರೆಯ ಗೋಜೇ ಬೇಡ ಎನ್ನುವವರು ನಾಲ್ಕು ದಿಕ್ಕಿನಿಂದ ಬರುತ್ತಾರೆ. ಆಹಾರಕ್ಕೂ ಅರ್ಬುದಕ್ಕೂ ಇರುವ ಸಂಬಂಧ ಎಷ್ಟು ನಿಜ, ಎಷ್ಟು ಸೂಕ್ಷ್ಮ ಎಂಬುದನ್ನು ಈ ಗಂಧಕದ ಕಥೆಯಷ್ಟು ಚೆನ್ನಾಗಿ ತೋರಿಸುವುದು ಬೇರೊಂದಿಲ್ಲ.

ಮೊದಲು ದೇಹದಲ್ಲಿ ಗಂಧಕವು ಯಾವ ರೂಪದಲ್ಲಿದೆಯೆಂಬುದನ್ನು ನೋಡೋಣ. ಅಕ್ಷರಗಳು ಸೇರಿ ಪದಗಳಾಗುವಂತೆ, ಅಮೈನೋ ಆಮ್ಲಗಳೆಂಬ ಇಪ್ಪತ್ತು ಬಗೆಯ ಸಣ್ಣ ಅಣುಗಳು ಸಾಲಾಗಿ ಕೂಡಿಕೊಂಡು ನಮ್ಮ ಸ್ನಾಯು, ಚರ್ಮ, ರಕ್ತಗಳ ಪ್ರೋಟೀನುಗಳಾಗುತ್ತವೆ. ಈ ಇಪ್ಪತ್ತರಲ್ಲಿ ಗಂಧಕವನ್ನು ಹೊತ್ತಿರುವುವು ಎರಡೇ. ಒಂದು ಸಿಸ್ಟೀನ್, ಇನ್ನೊಂದು ಮೆಥಿಯೋನಿನ್. ಎರಡು ಸಿಸ್ಟೀನ್‌ಗಳು ಜೋಡಿಯಾಗಿ ಆಗುವ ಸಿಸ್ಟಿನ್ ಎಂಬುದನ್ನು 1810ರಷ್ಟು ಹಿಂದೆಯೇ ಇಂಗ್ಲೆಂಡಿನ ವೊಲಾಸ್ಟನ್ ಎಂಬವರು ಮೂತ್ರಕೋಶದ ಕಲ್ಲೊಂದರಿಂದ ಬೇರ್ಪಡಿಸಿದ್ದರು. ಮೆಥಿಯೋನಿನ್ ಕೈಗೆ ಸಿಕ್ಕಿದ್ದು ಮಾತ್ರ ಬಹಳ ತಡವಾಗಿ. 1920ರ ದಶಕದ ಆರಂಭದಲ್ಲಿ ಅಮೆರಿಕದ ಮುಲ್ಲರ್ ಎಂಬವರು ಹಾಲಿನ ಪ್ರೋಟೀನಿನಲ್ಲಿ ಅದನ್ನು ಕಂಡರು. ಮೆಥಿಯೋನಿನ್ ಅನ್ನು ನಮ್ಮ ದೇಹವು ತಾನಾಗಿ ಮೂಲದಿಂದ ಸೃಷ್ಟಿಸಿಕೊಳ್ಳಲಾರದು. ಅದು ಅನ್ನದಿಂದಲೇ ಬರಬೇಕು. ಸಿಸ್ಟೀನನ್ನಾದರೋ ದೇಹವು ಮೆಥಿಯೋನಿನ್‌ನ ಗಂಧಕವನ್ನು ತೆಗೆದುಕೊಂಡು ಮಾಡಿಕೊಳ್ಳಬಲ್ಲುದು.

ಹೆಲೆನ್ ಡಯರ್ ಅವರು ಹುಟ್ಟಿದ್ದು 1895ರಲ್ಲಿ, ವಾಷಿಂಗ್‌ಟನ್ ನಗರದಲ್ಲಿ. 1917ರಲ್ಲಿ ಗೌಚರ್ ಕಾಲೇಜಿನಿಂದ ಪದವಿ ಪಡೆದು, ಮುಂದೆ ಅಮೆರಿಕ ಸರ್ಕಾರದ ಆರೋಗ್ಯ ಇಲಾಖೆಯ ಪ್ರಯೋಗಶಾಲೆಯಲ್ಲಿ ಕಾರ್ಲ್ ವೋಗ್ಟ್‌ಲಿನ್ ಎಂಬ ವಿಜ್ಞಾನಿಯ ಜತೆಗೆ ಕೆಲಸಮಾಡಿದರು. ಪಾಷಾಣವು ಜೀವಕೋಶವನ್ನು ಹೇಗೆ ಕೊಲ್ಲುತ್ತದೆಂಬುದು ಅಲ್ಲಿನ ಪ್ರಶ್ನೆ. ಆ ಕಾಲದಲ್ಲಿ ಮೇಹರೋಗಕ್ಕೆ ಪಾಷಾಣದ ಸಂಯುಕ್ತಗಳನ್ನೇ ಔಷಧವಾಗಿ ಕೊಡುತ್ತಿದ್ದುದರಿಂದ ಅದು ಬರಿಯ ಕುತೂಹಲದ ಪ್ರಶ್ನೆಯಾಗಿರಲಿಲ್ಲ. ಪಾಷಾಣವು ಜೀವಕೋಶದೊಳಗಿನ ಗಂಧಕವನ್ನೇ ಹುಡುಕಿ ಹಿಡಿಯುತ್ತದೆ, ಸಿಸ್ಟೀನನ್ನು ಒಳಗೊಂಡ ಗ್ಲುಟಾಥಯೋನ್ ಎಂಬ ವಸ್ತುವು ಆ ವಿಷಕ್ಕೆ ಎದುರು ನಿಲ್ಲುತ್ತದೆ ಎಂದು ಅವರು 1923ರಲ್ಲಿ ಪ್ರಕಟಿಸಿದರು. ಗ್ಲುಟಾಥಯೋನ್ ಜೀವಕೋಶದ ಕಾವಲುಗಾರನೆಂದು ಇಂದು ಎಲ್ಲ ವಿಜ್ಞಾನಿಗಳೂ ಬಲ್ಲರು. ಈ ಕಾವಲುಗಾರನು ಒಳ್ಳೆಯವರು ಕೆಟ್ಟವರೆಂಬ ಭೇದವೆಣಿಸುವುದಿಲ್ಲವೆಂಬುದೂ ಮುಂದೆ ತಿಳಿದುಬಂತು. ಅರ್ಬುದದ ಜೀವಕೋಶಗಳಲ್ಲಿ ಅದು ಹೆಚ್ಚಾಗಿದ್ದರೆ ವೈದ್ಯರು ಕೊಡುವ ಕೆಲವು ಔಷಧಗಳ ಪೆಟ್ಟನ್ನೂ ಅದು ತಡೆದುಬಿಡುತ್ತದೆ.

ಅನಂತರ ಡಯರ್ ಅವರು ಜಾರ್ಜ್ ವಾಷಿಂಗ್‌ಟನ್ ವಿಶ್ವವಿದ್ಯಾನಿಲಯಕ್ಕೆ ಸೇರಿ 1935ರಲ್ಲಿ ಡಾಕ್ಟರೇಟ್ ಪದವಿಯನ್ನು ಗಳಿಸಿದರು. ಅಲ್ಲಿ ಜೀವರಸಾಯನ ವಿಭಾಗಕ್ಕೆ 1932ರಲ್ಲಿ ಮುಖ್ಯಸ್ಥರಾಗಿ ಬಂದಿದ್ದವರು ವಿನ್ಸೆಂಟ್ ಡು ವಿನ್ಯೋ. ದೇಹದ ಗಂಧಕದ ಜಾಡನ್ನು ಜೀವಮಾನವೆಲ್ಲ ಹಿಂಬಾಲಿಸಿ, 1955ರಲ್ಲಿ ರಸಾಯನ ಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದವರು ಅವರು.

ಮೆಥಿಯೋನಿನ್‌ನ ಗಂಧಕಕ್ಕೆ ಒಂದು ಇಂಗಾಲವೂ ಮೂರು ಜಲಜನಕವೂ ಸೇರಿದ ಪುಟ್ಟ ಕೂಟವೊಂದು ಅಂಟಿಕೊಂಡಿದೆ. ಅದಕ್ಕೆ ಮೀಥೈಲ್ ಎಂದು ಹೆಸರು. ಈ ಮೀಥೈಲಿಗೆ ಏನಾದರೂ ವಿಶೇಷವುಂಟೆ, ಅಥವಾ ಅದರ ಜಾಗದಲ್ಲಿ ಅಂಥದೇ ಇನ್ನೊಂದು ಕೂಟವಿದ್ದರೂ ನಡೆದೀತೆ? ಇದನ್ನು ತಿಳಿಯಲು ಡಯರ್ ಅವರು ಮೀಥೈಲಿಗೆ ಬದಲು, ಒಂದು ಇಂಗಾಲ ಎರಡು ಜಲಜನಕ ಹೆಚ್ಚಾಗಿರುವ ಈಥೈಲ್ ಎಂಬ ಕೂಟವನ್ನಿಟ್ಟು ಹೊಸ ವಸ್ತುವೊಂದನ್ನು ತಯಾರಿಸಿದರು. ಅದೇ ಎಥಿಯೋನಿನ್. ಹೊರನೋಟಕ್ಕೆ ಅದು ಮೆಥಿಯೋನಿನ್‌ನ ಅವಳಿಯಂತಿದೆ. ಮೆಥಿಯೋನಿನ್ ಬದಲು ಅದನ್ನು ಇಲಿಗಳಿಗೆ ತಿನ್ನಿಸಿದಾಗ ಅವು ಬೆಳೆಯಲಿಲ್ಲ. ಅದು ಅವುಗಳಿಗೆ ವಿಷವಾಗಿಯೇ ಪರಿಣಮಿಸಿತು. 1938ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ, ದೇಹಕ್ಕೆ ಬೇಕಾದುದು ಗಂಧಕ ಮಾತ್ರವಲ್ಲ, ಮೀಥೈಲನ್ನು ಹೊತ್ತ ಗಂಧಕ ಎಂಬುದು ಖಚಿತವಾಯಿತು.

ಆ ಮೀಥೈಲ್ ಹೋಗುವುದೆಲ್ಲಿಗೆ? ಉತ್ತರವು ಡು ವಿನ್ಯೋ ಅವರ ಮುಂದಿನ ಪ್ರಯೋಗಗಳಿಂದ ದೊರೆಯಿತು. ಮೆಥಿಯೋನಿನ್ ತನ್ನ ಮೀಥೈಲನ್ನು ಕಳೆದುಕೊಂಡರೆ ಉಳಿಯುವುದು ಹೋಮೋಸಿಸ್ಟೀನ್. ಮೆಥಿಯೋನಿನ್ ಇಲ್ಲದ ಆಹಾರದಲ್ಲಿ ಈ ಹೋಮೋಸಿಸ್ಟೀನ್ ಬಗೆಯ ವಸ್ತುವನ್ನು ಬೆರಸಿ ಇಲಿಗಳಿಗೆ ಕೊಟ್ಟಾಗ ಅವು ಬೆಳೆಯಲಿಲ್ಲ. ಅದರೊಡನೆ ಕೋಲಿನ್ ಎಂಬ, ಮೀಥೈಲ್ ಹೇರಳವಾಗಿರುವ ಇನ್ನೊಂದು ಆಹಾರಾಂಶವನ್ನು ಕೊಟ್ಟಾಗ ಬೆಳೆದುವು. ಇದು 1939ರ ಮಾತು. ಮರುವರ್ಷ ಮೀಥೈಲಿನ ಜಲಜನಕಕ್ಕೆ ಬದಲು ಭಾರಜಲಜನಕವನ್ನಿಟ್ಟು, ಅದನ್ನು ಗುರುತಾಗಿಸಿಕೊಂಡು, ಮೆಥಿಯೋನಿನ್‌ನ ಮೀಥೈಲ್ ಇಡಿಯಾಗಿ ಕೋಲಿನ್ನಿಗೂ ಸ್ನಾಯುವಿನ ಕ್ರಿಯಾಟಿನ್ನಿಗೂ ಹೋಗಿ ಸೇರುವುದನ್ನು ತೋರಿಸಿದರು. 1944ರಲ್ಲಿ ಗುರುತು ಹಾಕಿದ ಗಂಧಕದಿಂದಲೇ, ಸಿಸ್ಟೀನಿಗೆ ಮೆಥಿಯೋನಿನ್‌ನಿಂದ ಗಂಧಕವೊಂದೇ ಹೋಗುತ್ತದೆ, ಅದರ ಇಂಗಾಲವು ಹೋಗುವುದಿಲ್ಲ ಎಂಬುದನ್ನೂ ಸ್ಥಿರಪಡಿಸಿದರು.

ಇದನ್ನು ನಮ್ಮ ಮನೆಯ ನೀರಿನ ಕೊಡಕ್ಕೆ ಹೋಲಿಸಬಹುದು. ಮೆಥಿಯೋನಿನ್ ತುಂಬಿದ ಕೊಡ; ಮೀಥೈಲ್ ಅದರೊಳಗಣ ನೀರು. ನೀರನ್ನು ಬೇಕಾದಲ್ಲಿ ಸುರಿದ ಮೇಲೆ ಉಳಿಯುವ ಬರಿಗೊಡವೇ ಹೋಮೋಸಿಸ್ಟೀನ್. ಈ ಬರಿಗೊಡಕ್ಕೆ ಎರಡು ದಾರಿಗಳಿವೆ. ಸೊಪ್ಪು ತರಕಾರಿಗಳಲ್ಲಿರುವ ಫೋಲಿಕ್ ಆಮ್ಲ ಮತ್ತು ಬಿ-12 ಜೀವಸತ್ವಗಳ ನೆರವಿನಿಂದಲೋ, ಕೋಲಿನ್ನಿನ ನೆರವಿನಿಂದಲೋ ಮತ್ತೆ ತುಂಬಿಕೊಂಡು ಮೆಥಿಯೋನಿನ್ ಆಗುವುದು ಒಂದು ದಾರಿ. ಮುರಿದು ತನ್ನ ಗಂಧಕವನ್ನು ಸಿಸ್ಟೀನಿಗೆ ಒಪ್ಪಿಸಿಬಿಡುವುದು ಇನ್ನೊಂದು. ನೀರನ್ನು ಸುರಿಯುವ ಮುನ್ನ ಮೆಥಿಯೋನಿನ್ ಒಂದು ಸಿದ್ಧರೂಪವನ್ನು ತಾಳುತ್ತದೆ. 1950ರ ದಶಕದ ಆರಂಭದಲ್ಲಿ ಕ್ಯಾಂಟೋನಿ ಎಂಬವರು ಅದನ್ನು ಕಂಡುಹಿಡಿದು ಎಸ್-ಅಡಿನೋಸಿಲ್ ಮೆಥಿಯೋನಿನ್ ಎಂದು ಕರೆದರು. ವಂಶವಾಹಿನಿಯಾದ ಡಿ.ಎನ್.ಎ.ಯ ಮೇಲೆ, ಯಾವ ಭಾಗ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದಕ್ಕೆ ಜೀವಕೋಶವು ಇಡುವ ಗುರುತುಗಳಲ್ಲಿ ಈ ಮೀಥೈಲೂ ಒಂದು. ಗುರುತು ತಪ್ಪಿದರೆ ಸುಮ್ಮನಿರಬೇಕಾದುದು ಎಚ್ಚರಗೊಳ್ಳುತ್ತದೆ. ಜೀವಕೋಶವು ಅಂಕೆಯಿಲ್ಲದೆ ಬೆಳೆಯುವುದಕ್ಕೆ, ಎಂದರೆ ಅರ್ಬುದವಾಗುವುದಕ್ಕೆ, ಇದೂ ಒಂದು ಕಾರಣವಾಗಬಲ್ಲುದು.

ಈಗ ಡಯರ್ ಅವರ ಎಥಿಯೋನಿನ್‌ಗೆ ಮರಳೋಣ. ಅದು ಕೊಡದಂತೆಯೇ ಕಾಣುವ, ಆದರೆ ಒಳಗೆ ಬೇರೆಯೇ ದ್ರವವಿರುವ ಕೊಡ. ಜೀವಕೋಶವು ಮೋಸಹೋಗಿ ಅದನ್ನೂ ಸಿದ್ಧರೂಪಕ್ಕೆ ತರುತ್ತದೆ. ಮೀಥೈಲ್ ಇರಬೇಕಾದೆಡೆಯಲ್ಲಿ ಈಥೈಲ್ ಹೋಗಿ ಕೂಡುತ್ತದೆ. 1953ರಲ್ಲಿ, ದೀರ್ಘಕಾಲ ಎಥಿಯೋನಿನ್ ತಿಂದ ಇಲಿಗಳ ಪಿತ್ತಜನಕಾಂಗದಲ್ಲಿ ಗಡ್ಡೆಗಳೆದ್ದುದನ್ನು ಪಾಪರ್ ಮತ್ತು ಅವರ ಸಂಗಡಿಗರು ವರದಿ ಮಾಡಿದರು. ಪೋಷಕಾಂಶವೊಂದನ್ನು ಪರೀಕ್ಷಿಸಲೆಂದು ತಯಾರಾದ ವಸ್ತುವು ಹೀಗೆ ಅರ್ಬುದವು ಹೇಗೆ ಹುಟ್ಟುತ್ತದೆಂಬುದನ್ನು ಹಂತಹಂತವಾಗಿ ನೋಡುವ ಉಪಕರಣವಾಯಿತು. ಅನೇಕ ವರ್ಷಗಳ ಕಾಲ ಜಗತ್ತಿನ ಪ್ರಯೋಗಶಾಲೆಗಳಲ್ಲಿ ಅದನ್ನು ಬಳಸಿದರು.

ಸುಳ್ಳು ಕೊಡದಿಂದ ಕೇಡಾಯಿತು, ಸರಿ. ಕೊಡವೇ ಬರಿದಾದರೆ? ಕೋಲಿನ್ ಇಲ್ಲದ ಆಹಾರವನ್ನು ಬಹುಕಾಲ ತಿಂದ ಇಲಿಗಳಿಗೆ ಅರ್ಬುದ ಬಂದುದನ್ನು 1946ರಲ್ಲಿ ಕೋಪ್‌ಲೆಂಡ್ ಮತ್ತು ಸಾಲ್ಮನ್ ಎಂಬವರು ಕಂಡಿದ್ದರು. ಆದರೆ ಮುಂದೆ ಇದರ ಬಗ್ಗೆ ಸಂದೇಹವೆದ್ದಿತು. ಆ ಆಹಾರದಲ್ಲಿ ಶೇಂಗಾ ಹಿಂಡಿಯಿತ್ತು. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರುತ್ತದೆ, ಅದು ತಾನೇ ಪಿತ್ತಜನಕಾಂಗದ ಅರ್ಬುದವನ್ನು ಉಂಟುಮಾಡಬಲ್ಲುದು. ಹಾಗಾದರೆ ಅಪರಾಧಿ ಯಾರು, ಕೊರತೆಯೋ ಬೂಷ್ಟೋ? 1984ರಲ್ಲಿ ಘೋಷಾಲ್ ಮತ್ತು ಫಾರ್ಬರ್ ಎಂಬ ವಿಜ್ಞಾನಿಗಳು, ಹೊರಗಿನಿಂದ ಯಾವ ಅರ್ಬುದಕಾರಕವನ್ನೂ ಬೆರಸದೆ, ಕೋಲಿನ್ ಮತ್ತು ಮೆಥಿಯೋನಿನ್ ಕೊರತೆಯೊಂದರಿಂದಲೇ ಇಲಿಗಳಲ್ಲಿ ಪಿತ್ತಜನಕಾಂಗದ ಅರ್ಬುದವು ಹುಟ್ಟುವುದನ್ನು ತೋರಿಸಿದರು. ಸಂದೇಹ ಪಡುವುದು, ಮತ್ತೆ ಪರೀಕ್ಷಿಸುವುದು, ಆಮೇಲೆ ಒಪ್ಪುವುದು, ಇದೇ ವಿಜ್ಞಾನದ ನಡೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು.

ಇಷ್ಟನ್ನು ಓದಿದವರು, ಮೆಥಿಯೋನಿನ್ ಹೆಚ್ಚು ತಿಂದರೆ ಅರ್ಬುದದಿಂದ ಪಾರಾಗಬಹುದೆಂದು ಭಾವಿಸಿಯಾರು. ಆದರೆ ಕಥೆ ಇಲ್ಲಿಂದ ಮುಂದೆ ತಿರುವುಮುರುವಾಗುತ್ತದೆ. ಒಮ್ಮೆ ಹುಟ್ಟಿಕೊಂಡ ಅರ್ಬುದವು ಮೆಥಿಯೋನಿನ್‌ಗಾಗಿ ವಿಪರೀತ ಹಸಿಯುತ್ತದೆ. ಗಡ್ಡೆಯಿರುವ ಇಲಿಗಳ ಆಹಾರದಲ್ಲಿ ಮೆಥಿಯೋನಿನ್ ಇಲ್ಲದಂತೆ ಮಾಡಿದರೆ ಗಡ್ಡೆಯ ಬೆಳವಣಿಗೆ ಕುಗ್ಗುವುದನ್ನು 1959ರಲ್ಲಿ ಜಪಾನಿನ ಸುಗಿಮುರಾ ಮತ್ತು ಅವರ ಅಮೆರಿಕದ ಸಹೋದ್ಯೋಗಿಗಳು ಕಂಡರು. 1974ರಲ್ಲಿ ಹಾಲ್ಪರ್ನ್ ಮತ್ತು ಅವರ ಸಂಗಡಿಗರು ಡು ವಿನ್ಯೋ ಅವರು ಇಲಿಗಳ ಮೇಲೆ ಮಾಡಿದ್ದ ಪರೀಕ್ಷೆಯ ಧಾಟಿಯಲ್ಲೇ ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಜೀವಕೋಶಗಳನ್ನು ಪರೀಕ್ಷಿಸಿದರು. ಮೆಥಿಯೋನಿನ್ ಬದಲು ಬರಿಗೊಡವನ್ನೂ, ಅದನ್ನು ತುಂಬಲು ಬೇಕಾದ ಫೋಲಿಕ್ ಆಮ್ಲ, ಬಿ-12ಗಳನ್ನೂ ಕೊಟ್ಟರು. ಸಹಜ ಜೀವಕೋಶಗಳು ಕೊಡವನ್ನು ತುಂಬಿಕೊಂಡು ಬದುಕಿದುವು. ಅರ್ಬುದದ ಜೀವಕೋಶಗಳು ಸತ್ತುವು.

ಅರ್ಬುದಕ್ಕೆ ಕೊಡ ತುಂಬಿಕೊಳ್ಳುವ ಶಕ್ತಿಯೇ ಇಲ್ಲವೋ? 1976ರಲ್ಲಿ ಹಾಫ್‌ಮನ್ ಮತ್ತು ಎರ್ಬ್ ಇದನ್ನೂ ಅಳೆದು ನೋಡಿದರು. ಶಕ್ತಿ ಇದೆ, ಚೆನ್ನಾಗಿಯೇ ಇದೆ, ಆದರೂ ಸಾಲದು. ಆದಾಯ ಕಡಿಮೆಯಿಲ್ಲದಿದ್ದರೂ ದುಂದುವೆಚ್ಚದಿಂದ ಸಾಲಗಾರನಾದ ಮನೆಯಂತೆ ಅರ್ಬುದವು ಮೀಥೈಲನ್ನು ಅತಿಯಾಗಿ ವ್ಯಯಮಾಡುತ್ತದೆಂಬುದು ಇದಕ್ಕೆ ಕೊಡುವ ವಿವರಣೆ. ಈ ಹಸಿವು ವೈದ್ಯರಿಗೆ ಉಪಯೋಗಕ್ಕೂ ಬಂದಿದೆ. ಇಪ್ಪತ್ತು ನಿಮಿಷಗಳಲ್ಲಿ ಅರ್ಧ ಸವೆದುಹೋಗುವ ವಿಕಿರಣಶೀಲ ಇಂಗಾಲವನ್ನು ಸೇರಿಸಿದ ಮೆಥಿಯೋನಿನ್ ಅನ್ನು ರೋಗಿಯ ರಕ್ತಕ್ಕೆ ಬಿಟ್ಟು ವಿಶೇಷ ಯಂತ್ರದಿಂದ ಚಿತ್ರ ತೆಗೆದರೆ, ಮೆದುಳಿನ ಗಡ್ಡೆಯು ಸುತ್ತಲ ಭಾಗಕ್ಕಿಂತ ಹೆಚ್ಚಾಗಿ ಅದನ್ನು ಹೀರಿಕೊಂಡು ತನ್ನ ಇರವನ್ನು ತಾನೇ ತೋರಿಸಿಕೊಡುತ್ತದೆ.

ಚಿಕಿತ್ಸೆಯ ದಿಕ್ಕಿನಲ್ಲಿಯೂ ಕೆಲಸ ನಡೆದಿದೆ. ಮನುಷ್ಯರ ಅರ್ಬುದಗಳಲ್ಲಿ ನೂರಕ್ಕೆ ಹತ್ತರಿಂದ ಹದಿನೈದರಷ್ಟು, ಎಂ.ಟಿ.ಎ.ಪಿ. ಎಂಬ ಕಿಣ್ವವನ್ನು ಕಳೆದುಕೊಂಡಿರುತ್ತವೆ. ಮೆಥಿಯೋನಿನ್‌ನ ಸಿದ್ಧರೂಪವು ಕೆಲವು ಕೆಲಸಗಳಲ್ಲಿ ಬಳಕೆಯಾದ ಮೇಲೆ ಉಳಿಯುವ ಗಂಧಕಯುಕ್ತ ಅವಶೇಷವನ್ನು ಬಳಸಿ ಮತ್ತೆ ಮೆಥಿಯೋನಿನ್ ಮಾಡಿಕೊಳ್ಳಲು ನೆರವಾಗುವುದು ಆ ಕಿಣ್ವದ ಕೆಲಸ. ಅದಿಲ್ಲದ ಜೀವಕೋಶದಲ್ಲಿ ಅವಶೇಷವು ಶೇಖರವಾಗಿ, ಪ್ರೋಟೀನುಗಳಿಗೆ ಮೀಥೈಲನ್ನು ಅಂಟಿಸುವ ಇನ್ನೊಂದು ಕಿಣ್ವವನ್ನು ಅರ್ಧಮರ್ಧ ಕಟ್ಟಿಹಾಕುತ್ತದೆ. ಈ ಎರಡನೆಯ ಕಿಣ್ವವನ್ನು ಔಷಧದಿಂದ ಪೂರ್ತಿ ತಡೆದರೆ ಅಂಥ ಅರ್ಬುದವು ಸಾಯಬೇಕು, ಸಹಜ ಜೀವಕೋಶವು ಉಳಿಯಬೇಕು ಎಂಬ ಮಾರ್ಗವು 2016ರಲ್ಲಿ ಹೊಳೆಯಿತು. ಅಂಥ ಔಷಧಗಳನ್ನು ರೋಗಿಗಳಲ್ಲಿ ಪರೀಕ್ಷಿಸಲಾಗಿದೆ. ಆಹಾರದ ಬಗೆಗೂ 2019ರಲ್ಲಿ ಲೊಕಸೇಲ್ ಮತ್ತು ಅವರ ಸಂಗಡಿಗರು ಒಂದು ಮುಖ್ಯ ವರದಿಯನ್ನು ಪ್ರಕಟಿಸಿದರು. ಮೆಥಿಯೋನಿನ್ ಕಡಿಮೆ ಮಾಡಿದ ಇಲಿಗಳಲ್ಲಿ ಔಷಧ ಮತ್ತು ವಿಕಿರಣಗಳ ಚಿಕಿತ್ಸೆಯು ಹೆಚ್ಚು ಫಲಕೊಟ್ಟಿತು. ಮನುಷ್ಯರಲ್ಲಿ ಅವರು ನೋಡಿದ್ದು ಆರು ಮಂದಿ ಆರೋಗ್ಯವಂತರನ್ನು, ಅದೂ ಮೂರು ವಾರಗಳ ಮಟ್ಟಿಗೆ; ಅವರ ರಕ್ತದಲ್ಲಿ ಅಂಥದೇ ರಾಸಾಯನಿಕ ಬದಲಾವಣೆಗಳು ಕಂಡುಬಂದುವು. ರೋಗಿ ಗುಣವಾದನೆಂಬುದಕ್ಕೆ ಅದು ಪ್ರಮಾಣವಲ್ಲ. ಆ ಸಂಶೋಧಕರ ಪ್ರಯೋಗದ ಉದ್ದೇಶವೂ ಅದಾಗಿರಲಿಲ್ಲ.

ಇಷ್ಟರಿಂದ ನಾವು ಗ್ರಹಿಸಬೇಕಾದುದೇನು? ಒಂದೇ ವಸ್ತುವಿನ ಕೊರತೆಯಿಂದ ಅರ್ಬುದ ಹುಟ್ಟಬಹುದು. ಅದೇ ವಸ್ತುವಿನ ಪೂರೈಕೆಯಿಂದ ಹುಟ್ಟಿದ ಅರ್ಬುದ ಪುಷ್ಟಿಗೊಳ್ಳಬಹುದು. ಇಂಥ ಇಬ್ಬಾಯಿಯ ಕತ್ತಿಯನ್ನು ಹಿಡಿಯಬೇಕಾದವರು ಅಳತೆ ಬಲ್ಲ ವೈದ್ಯರು. ಐವತ್ತು ಕಿಲೊ ತೂಕದವರಿಗೆ ದಿನಕ್ಕೆ ಬೇಕಾದ ಗಂಧಕಯುಕ್ತ ಅಮೈನೋ ಆಮ್ಲಗಳು ಒಟ್ಟು ಮುಕ್ಕಾಲು ಗ್ರಾಮಿನಷ್ಟು. ತೊಗರಿ, ಹೆಸರು, ಕಡಲೆಗಳ ಪ್ರೋಟೀನಿನಲ್ಲಿ ಮೆಥಿಯೋನಿನ್ ಸಾಲದು, ಲೈಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಹೇರಳ. ಜೋಳ, ಗೋದಿ, ಅಕ್ಕಿಗಳಲ್ಲಿ ಲೈಸಿನ್ ಸಾಲದು, ಮೆಥಿಯೋನಿನ್ ತಕ್ಕಮಟ್ಟಿಗುಂಟು. ಎಳ್ಳಿನಲ್ಲಿ ಅದು ಇನ್ನೂ ಹೆಚ್ಚು. ಜೋಳದ ರೊಟ್ಟಿಗೆ ಬೇಳೆಯ ಪಲ್ಯ, ಅನ್ನಕ್ಕೆ ತೊವ್ವೆ ಎಂದು ನಮ್ಮ ಹಿರಿಯರು ಜೋಡಿಸಿದ ಊಟದಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇದನ್ನು ಮುರಿದು, ಯಾರೋ ಹೇಳಿದರೆಂದು ಚಿಕಿತ್ಸೆಯಲ್ಲಿರುವ ರೋಗಿಗೆ ಬೇಳೆ ಬಿಡಿಸುವುದು, ಹಾಲು ಬಿಡಿಸುವುದು, ಉಪವಾಸ ಹಾಕುವುದು ಅನರ್ಥಕ್ಕೆ ದಾರಿ. ಔಷಧದ ತೀಕ್ಷ್ಣತೆಯನ್ನು ತಾಳಲು ರೋಗಿಗೆ ಪುಷ್ಟಿ ಬೇಕು. ಹಾಗೆಯೇ ಬೆಳ್ಳುಳ್ಳಿಯಲ್ಲಿ ಗಂಧಕವಿದೆಯೆಂದ ಮಾತ್ರಕ್ಕೆ ಅದು ಅರ್ಬುದವನ್ನು ಕರಗಿಸುತ್ತದೆಂಬುದಕ್ಕೂ ಪ್ರಮಾಣವಿಲ್ಲ. ಒಗ್ಗರಣೆಗೆ ಅದು ಭೂಷಣ, ಚಿಕಿತ್ಸೆಗೆ ಬದಲಾಗಲಾರದು.

ಡಯರ್ ಅವರು 1942ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯನ್ನು ಸೇರಿ 1965ರವರೆಗೆ ದುಡಿದರು. ಯಾವ ಯಾವ ವಸ್ತುವನ್ನು ಯಾರು ಯಾರು ಗಡ್ಡೆಗಳ ಮೇಲೆ ಪ್ರಯೋಗಿಸಿದ್ದಾರೆ, ಫಲವೇನು ಎಂಬುದನ್ನೆಲ್ಲ ಕಲೆಹಾಕಿ 1949ರಲ್ಲಿ ಆಕೆ ಹೊರತಂದ ಸೂಚಿಯು ಮುಂದಿನ ಸಂಶೋಧಕರಿಗೆ ಕೈದೀಪವಾಯಿತು. ಫಲಿಸಿದುದನ್ನಷ್ಟೇ ಅಲ್ಲದೆ ಫಲಿಸದುದನ್ನೂ ಬರೆದಿಡುವ ಈ ಕೆಲಸವು ಹೊಸದನ್ನು ಕಂಡುಹಿಡಿಯುವುದಕ್ಕಿಂತ ಕಡಿಮೆಯದೆಂದು ನಮಗನಿಸುವುದಿಲ್ಲ. 1962ರಲ್ಲಿ ಅಮೆರಿಕದ ರಸಾಯನ ಸಂಘವು ಮಹಿಳಾ ವಿಜ್ಞಾನಿಗಳಿಗೆ ಕೊಡುವ ಗಾರ್ವನ್ ಪದಕವು ಆಕೆಗೆ ಸಂದಿತು. ಮರುವರ್ಷ ಅದೇ ಪದಕವನ್ನು ಪಡೆದ ಮಿಲ್ಡ್ರೆಡ್ ಕೋನ್ ಎಂಬಾಕೆ ಡು ವಿನ್ಯೋ ಅವರೊಡನೆ ಗುರುತು ಹಾಕಿದ ಗಂಧಕದ ಪ್ರಯೋಗಗಳಲ್ಲಿ ಕೈಜೋಡಿಸಿದ್ದವರು. ವಿಜ್ಞಾನ ಓದಲು ಅಳುಕುವ ನಮ್ಮ ಹೆಣ್ಣುಮಕ್ಕಳು ಈ ಇಬ್ಬರ ಹೆಸರನ್ನು ನೆನಪಿಡಲಿ. ಡಯರ್ ಅವರು ನೂರು ವರ್ಷವನ್ನು ದಾಟಿ ಬಾಳಿ 1998ರಲ್ಲಿ ತೀರಿಕೊಂಡರು.

ಬರೆದಿಡುವ ಕೆಲಸದ ಬೆಲೆಯನ್ನು ಅರಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ಆರಂಭವಾದ ಕ್ಯಾನ್ಸರ್ ನೋಂದಣಿ ಕಾರ್ಯವು ನಮ್ಮ ದೇಶದ ಹಳ್ಳಿಗಾಡಿನಲ್ಲಿ ಮೊದಲನೆಯದು. ಕಾರ್ಯಕರ್ತರು ಹಳ್ಳಿಯಿಂದ ಹಳ್ಳಿಗೆ ಹೋಗಿ ರೋಗಿಗಳನ್ನು ಗುರುತಿಸಿದರು, ರೋಗದ ಮೊದಲ ಚಿಹ್ನೆಗಳನ್ನು ಜನರಿಗೆ ತಿಳಿಸಿಹೇಳಿದರು. ಅದರ ಫಲವಾಗಿ ಗರ್ಭಕೋಶದ ಕೊರಳಿನ ಅರ್ಬುದವಿದ್ದ ಹೆಂಗಸರು ಮೊದಲಿಗಿಂತ ಬೇಗನೆ, ರೋಗ ಇನ್ನೂ ಎಳೆಯದಾಗಿರುವಾಗಲೇ, ಆಸ್ಪತ್ರೆಗೆ ಬರುವಂತಾಯಿತು. ಗಂಧಕದ ಸೂಕ್ಷ್ಮವನ್ನು ವಿಜ್ಞಾನಿಗಳು ಬಿಡಿಸುತ್ತಿರಲಿ. ಮಾಯದ ಹುಣ್ಣು, ಕರಗದ ಗಂಟು, ಕಾರಣವಿಲ್ಲದ ರಕ್ತಸ್ರಾವಗಳನ್ನು ಮುಚ್ಚಿಡದೆ ವೈದ್ಯರಿಗೆ ತೋರಿಸುವುದು, ತೋರಿಸಿದ ಮೇಲೆ ಚಿಕಿತ್ಸೆಯನ್ನು ನಡುವೆ ಬಿಡದಿರುವುದು, ಇಷ್ಟು ನಮ್ಮ ಪಾಲಿನ ಕೆಲಸ. ಈ ಮಾತನ್ನು ನಮ್ಮ ವಿದ್ಯಾರ್ಥಿಗಳು ಮನೆಯಲ್ಲಿ ಹಿರಿಯರಿಗೆ ಓದಿ ಹೇಳಿದರೆ ಈ ಲೇಖನವು ಸಾರ್ಥಕವಾದಂತೆ.